‘ಮ್ಯಾಚ್ ಆಗ್ತಿಲ್ಲ, ನಾಳೆ ಬಾ’



ಪೋಸ್ಟ್ ಉದ್ದ ಇದೆ. ಟೈಮ್ ಇಲ್ಲದವರು ಕೊನೆಯ ಭಾಗವನ್ನಾದ್ರೂ ಓದಿ, ಅಲ್ಲಿ ಮಾಡಬೇಕಾದ ಕೆಲಸ ಇದೆ.

ಆಧುನಿಕ ಬದುಕಿನ ಕಿರಿಕಿರಿಗಳ ಬಗ್ಗೆ ಈಗ ಎಲ್ಲರೂ ಬರೀತಾರೆ. ಪಾಸ್‌ವರ್ಡ್ ಮರೆತುಹೋಗೋದು, ಸಾಲ ಬೇಕಾ ಅಂತ ದಿನಕ್ಕೆ ಹತ್ತು ಸಲ ಫೋನ್ ಬರೋದು, ‘ನಾನು ರೋಬೋಟ್ ಅಲ್ಲ’ ಅಂತ ಸಾಬೀತು ಮಾಡೋಕೆ ಫೋಟೊದಲ್ಲಿ ಟ್ರಾಫಿಕ್ ಲೈಟ್ ಎಣಿಸೋದು. ಓದಿ ನಾನೂ ನಗ್ತೀನಿ, ಲೈಕ್ ಒತ್ತುತ್ತೀನಿ. ಆದರೆ ಈ ಬರಹಗಳೊಳಗೆ ಒಂದು ಜಾಣ ಸುಳ್ಳು ಕೂತಿರುತ್ತೆ. ಯಂತ್ರ ಎಲ್ಲರನ್ನೂ ಒಂದೇ ಥರ ಕಾಡುತ್ತೆ ಅನ್ನೋ ಸುಳ್ಳು. ಇಲ್ಲ ಸ್ವಾಮಿ. ಪೊನ್ನಂಪೇಟೆ ಸುತ್ತಮುತ್ತಲ ಲೈನ್ ಮನೆಗಳಿಗೆ ಬಂದು ನೋಡಿ. ಯಾರನ್ನು ಗುರುತಿಸಬೇಕು, ಯಾರನ್ನು ವಾಪಸ್ ಕಳಿಸಬೇಕು ಅಂತ ಯಂತ್ರಕ್ಕೆ ಚೆನ್ನಾಗಿ ಗೊತ್ತಿದೆ.

ನನ್ನ ಚಿಕ್ಕಮ್ಮನ ವಿಷಯ ಹೇಳ್ತೀನಿ. ವಯಸ್ಸು ಅರವತ್ತು ದಾಟಿದೆ, ನಲವತ್ತು ವರ್ಷಕ್ಕೂ ಹೆಚ್ಚು ಕಾಫಿ ತೋಟದ ಕೆಲಸ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ಹಿಂದೆಯೇ ಕರಿಮೆಣಸು. ಮಳೆಗೆ ಮುಂಚೆ ಗೊಬ್ಬರ, ಮಳೆಯಲ್ಲಿ ಕಳೆ, ನಡುವೆ ಚಿಗುರು ತೆಗೆಯೋದು, ಗುಂಡಿ ತೋಡೋದು. ಔಷಧಿ ಹೊಡೆಯೋ ಕಾಲಕ್ಕೆ ಮೈಲುತುತ್ತ, ಸುಣ್ಣ ಕಲಸೋದು. ಕೈಗವಸು ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅವಳ ಬೆರಳ ತುದಿ ಮುಟ್ಟಿ ನೋಡಿದ್ರೆ ಹೊಳೆಯ ಕಲ್ಲು ಮುಟ್ಟಿದ ಹಾಗಿರುತ್ತೆ. ಗೆರೆಗಳಿಲ್ಲ. ಗೆರೆಗಳೆಲ್ಲ ತೋಟದಲ್ಲಿವೆ, ಯಾರದ್ದೋ ಕಪ್‌ನಲ್ಲಿವೆ.

ಈ ಬೆರಳು ತಗೊಂಡು ಅವಳು ನ್ಯಾಯಬೆಲೆ ಅಂಗಡಿಗೆ ಹೋಗ್ತಾಳೆ. (ಯಾವ ಅಂಗಡಿ ಅಂತ ಬರೆಯಲ್ಲ. ಅಂಗಡಿಯವನು ಬದಲಾದ್ರೂ ಯಂತ್ರ ಅದೇ.) ಬಲಗೈ ಹೆಬ್ಬೆಟ್ಟು: ಇಲ್ಲ. ತೋರುಬೆರಳು: ಇಲ್ಲ. ಸೆರಗಲ್ಲಿ ಒರೆಸಿಕೊಂಡು ಮತ್ತೆ: ಇಲ್ಲ. ತಲೆಗೆ ಉಜ್ಜಿ ಎಣ್ಣೆ ಹತ್ತಿಸಿಕೊ ಅಂತ ಹಿಂದೆ ನಿಂತವರ ಸಲಹೆ. ಹಾಗೂ ಇಲ್ಲ. ಎಡಗೈ ಐದೂ ಬೆರಳು ಮುಗಿದ ಮೇಲೆ ಆ ಮಾತು ಬರುತ್ತೆ: ‘ಮ್ಯಾಚ್ ಆಗ್ತಿಲ್ಲ, ನಾಳೆ ಬಾ.’ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು ‘ಬಾ’ ಅಂತಾನೆ. ಅವಳ ಹಿಂದೆ ಬಂದ ಸಾಹುಕಾರರ ಮನೆ ಡ್ರೈವರ್‌ಗೆ ‘ಬನ್ನಿ’ ಅಂತಾನೆ. ಅದು ಬೇರೆ ಕತೆ, ಇರಲಿ.

ನಾಳೆ ಅಂದ್ರೆ ಏನು? ಒಂದು ದಿನದ ಕೂಲಿ. ಮಾರನೇ ದಿನ ಕರೆಂಟಿಲ್ಲ. ಅದರ ಮಾರನೇ ದಿನ ಸರ್ವರ್ ಇಲ್ಲ. ಆಷಾಢದಲ್ಲಿ ಕುಟ್ಟ, ಬಿರುನಾಣಿ ಕಡೆ ಮಳೆ ಹಿಡಿದ್ರೆ ನೆಟ್‌ವರ್ಕ್ ಅನ್ನೋದು ಬಿಸಿಲಿನಷ್ಟೇ ಅಪರೂಪ. ಮಶೀನನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ರಸ್ತೆ ತಿರುವಿಗೆ ಸಿಗ್ನಲ್ ಹುಡುಕಿಕೊಂಡು ಹೋಗೋದು, ಅದರ ಹಿಂದೆ ಕೊಡೆ ಹಿಡಿದು ಚೀಲ ಹೊತ್ತ ಹೆಂಗಸರು ಮೆರವಣಿಗೆಯಂತೆ ನಡೆಯೋದು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕಿ ಪುಕ್ಕಟೆ ಅಂತ ಟೀವಿಯಲ್ಲಿ ಮೂಗು ಮುರೀತಾರಲ್ಲ, ಅವರು ಒಂದು ಸಲ ಮೂರು ದಿನದ ಕೂಲಿಯನ್ನು ಆ ಚೀಲದಿಂದ ಕಳೆದು ನೋಡಲಿ.

‘ತಾಂತ್ರಿಕ ದೋಷ, ಎಲ್ಲ ಕಡೆ ಆಗುತ್ತೆ’ ಅಂತೀರಾ? ಹಾಗಾದ್ರೆ ಲೆಕ್ಕ ನೋಡಿ. ಲೆಕ್ಕ ನನ್ನದಲ್ಲ, ಆಧಾರ್ ಪ್ರಾಧಿಕಾರವೇ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಟ್ಟದ್ದು. ಟೆಲಿಕಾಂ ಕಂಪನಿಗಳಲ್ಲಿ ದೃಢೀಕರಣ ನೂರಕ್ಕೆ 97 ಸಲ ಯಶಸ್ವಿ. ಬ್ಯಾಂಕುಗಳಲ್ಲಿ 95. ಸರ್ಕಾರಿ ಸೇವೆಗಳಲ್ಲಿ 88. ಅಂದ್ರೆ ಸಿಮ್ ಮಾರೋ ಕಡೆ ನೂರಕ್ಕೆ ಮೂರು ಸಲ ಸೋಲೋ ವ್ಯವಸ್ಥೆ ಸರ್ಕಾರಿ ಸೇವೆ ಕೊಡೋ ಕಡೆ ಹನ್ನೆರಡು ಸಲ ಸೋಲುತ್ತೆ. ಆಧಾರ್ ಅದೇ, ವಿಧಾನ ಅದೇ. ಬೇರೆ ಏನಿದೆ? ನೆಟ್‌ವರ್ಕ್ ಅಂತೀರಿ, ಒಪ್ಪಿದೆ. ಆದರೆ ಎದುರಿಗೆ ನಿಂತ ಕೈಗಳೂ ಬೇರೆ.

ನಮ್ಮ ಬೆಂಗಳೂರಿನವರೇ ಆದ ನಂದನ್ ನಿಲೇಕಣಿ 2009ರಲ್ಲಿ ಈ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ಗುರುತಿಲ್ಲದ ಬಡವರಿಗೆ ಗುರುತು ಕೊಡ್ತೀವಿ ಅಂದ್ರು. ಅವರ ಉದ್ದೇಶದ ಬಗ್ಗೆ ನನಗೆ ಜಗಳ ಇಲ್ಲ. ಆದರೆ ಬೆರಳೇ ಗುರುತು ಅಂತ ತೀರ್ಮಾನ ಮಾಡುವಾಗ ಕಣ್ಣ ಮುಂದೆ ಇದ್ದದ್ದು ಯಾರ ಬೆರಳು? ಕೀಬೋರ್ಡ್ ಕುಟ್ಟೋ ಬೆರಳಾ, ಕತ್ತಿ ಹಿಡಿಯೋ ಬೆರಳಾ? ಇಟ್ಟಿಗೆ ಹೊರೋರು, ಪೌರಕಾರ್ಮಿಕರು, ಬಟ್ಟೆ ಒಗೆಯೋರು, ಚರ್ಮ ಹದ ಮಾಡೋರು, ತೋಟದ ಆಳುಗಳು, ಇವರೆಲ್ಲರ ಬೆರಳು ಸವೆಯುತ್ತೆ ಅಂತ ಹೇಳೋಕೆ ವಿಜ್ಞಾನಿ ಬೇಕಿರಲಿಲ್ಲ. ನಮ್ಮ ಕೇರಿಯ ಯಾವ ಅಜ್ಜಿಯನ್ನು ಕೇಳಿದ್ರೂ ಹೇಳ್ತಿದ್ಲು. ಕೇಳಲಿಲ್ಲ, ಅಷ್ಟೆ.

ಇನ್ನೊಂದು ವಿಚಾರ ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೀತಿದೆ. ಬೆರಳಚ್ಚಿನ ಆಡಳಿತ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ, ರಾಜ್ಯಧರ್ ಕೊನಾಯ್ ಅನ್ನೋ ಗುತ್ತಿಗೆದಾರನಿಂದ ಒಂದು ಕರಾರುಪತ್ರದ ಮೇಲೆ ಇಡೀ ಅಂಗೈ ಅಚ್ಚು ಒತ್ತಿಸಿಕೊಂಡ. ಯಾಕೆ? ಆಮೇಲೆ ‘ಇದು ನನ್ನ ಸಹಿ ಅಲ್ಲ’ ಅನ್ನಬಾರದು ಅಂತ. ಅಚ್ಚು ಹುಟ್ಟಿದ್ದು ಅವನಿಗೆ ಏನೋ ಕೊಡೋಕಲ್ಲ, ಅವನನ್ನು ಕಟ್ಟಿಹಾಕೋಕೆ.

ನಮ್ಮ ತಾತಂದಿರ ಹೆಬ್ಬೆಟ್ಟಿನ ಕತೆಯೂ ಅದೇ ತಾನೆ? ಮುಂಗಡ ತಗೊಂಡಾಗ ರೈಟರ್ ಲೆಡ್ಜರ್ ಮುಂದಿಡ್ತಿದ್ದ. ಏನು ಬರೆದಿದೆ ಅಂತ ಓದೋಕೆ ಬರ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ರು. ಐವತ್ತು ತಗೊಂಡಿದ್ದು ಐನೂರಾದ್ರೂ ಆ ಹೆಬ್ಬೆಟ್ಟು ತಮ್ಮದೇ, ಮಗನ ತಲೆ ಮೇಲೆ ಸಾಲ ಬಂದ್ರೂ ಆ ಹೆಬ್ಬೆಟ್ಟು ತಮ್ಮದೇ. 1976ರಲ್ಲಿ ಜೀತ ರದ್ದಾಯ್ತು ಅಂತ ಕಾಯ್ದೆ ಬಂತು, ಮುಂಗಡದ ಪುಸ್ತಕ ಮಾತ್ರ ತೋಟಗಳಿಂದ ಪೂರ್ತಿ ಹೋಗಲಿಲ್ಲ. ಇಷ್ಟು ತಲೆಮಾರಿನಲ್ಲಿ ಒಂದೇ ಒಂದು ಸಲ ಸಾಲದ ಪತ್ರದ ಮೇಲೆ ‘ನಿನ್ನ ಬೆರಳು ಮ್ಯಾಚ್ ಆಗ್ತಿಲ್ಲ, ಹೋಗು, ಸಾಲ ಇಲ್ಲ’ ಅಂದವರುಂಟಾ? ಕೊಡಬೇಕಾದವರು ನಾವಾಗಿದ್ದಾಗ ಹೆಬ್ಬೆಟ್ಟು ತಪ್ಪಲೇ ಇಲ್ಲ. ಪಡೀಬೇಕಾದವರು ನಾವಾದ ಕೂಡಲೇ ತಪ್ಪೋಕೆ ಶುರುವಾಯ್ತು.

‘ಮುಟ್ಟಬೇಡ, ದೂರ ನಿಲ್ಲು’ ಅಂತ ಕೇಳಿಸಿಕೊಂಡು ಬೆಳೆದವರು ನಾವು. ಕೆರೆ ಮುಟ್ಟೋಕೆ 1927ರಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಸತ್ಯಾಗ್ರಹವನ್ನೇ ಮಾಡಬೇಕಾಯ್ತು. ಈಗ ಸರ್ಕಾರ ‘ಮುಟ್ಟು, ಗಟ್ಟಿಯಾಗಿ ಮುಟ್ಟು, ಇನ್ನೊಂದು ಸಲ ಮುಟ್ಟು’ ಅಂತಿದೆ. ಮುಟ್ಟಿದ್ರೆ ಗಾಜಿಗೆ ನಾವು ಯಾರು ಅಂತ ಗೊತ್ತಾಗಲ್ವಂತೆ! ಅದೇ ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ಬಾಡಿಗೆ ಮನೆ ಕೇಳೋಕೆ ಹೋಗಿ. ಹೆಸರು, ಊರು, ಅಪ್ಪನ ಕೆಲಸ, ಮೂರೇ ಪ್ರಶ್ನೆಗೆ ಜಾತಿ ಮ್ಯಾಚ್ ಆಗಿಬಿಡುತ್ತೆ. ಒಟಿಪಿ ಬೇಡ, ನೆಟ್‌ವರ್ಕ್ ಬೇಡ. ಜೋರು ಮಳೆಯಲ್ಲೂ ಆ ಸರ್ವರ್ ಡೌನ್ ಆಗಿದ್ದನ್ನು ಕಂಡವರಿದ್ರೆ ಹೇಳಿ. ಆದರೆ ಅದೇ ಜಾತಿಗೆ ಸಿಗಬೇಕಾದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕಲ್ಲಿ ಮತ್ತೊಂದು. ಹುಡುಗಿ ನಿಜವಾಗ್ಲೂ ಹೊಲೆಯರ ಹುಡುಗಿಯೇ ಅಂತ ಊರಿಗೆಲ್ಲ ಗೊತ್ತು, ಪೋರ್ಟಲ್‌ಗೆ ಮಾತ್ರ ಅನುಮಾನ.

ಉಳಿದದ್ದನ್ನು ಬೇಗ ಹೇಳಿ ಮುಗಿಸ್ತೀನಿ. ಬೆರಳು ಆಗದಿದ್ರೆ ಒಟಿಪಿ ಅಂತಾರೆ. ತೊಂಬತ್ತು ದಿನ ಬಳಸದ ಪ್ರಿಪೇಯ್ಡ್ ನಂಬರ್ ಸತ್ತುಹೋಗಿ ಬೇರೆಯವರಿಗೆ ಹೋಗುತ್ತೆ. ರೀಚಾರ್ಜ್‌ಗೆ ಕಾಸಿಲ್ಲದವರ ಒಟಿಪಿ ಯಾರ ಜೇಬಲ್ಲೋ ರಿಂಗಾಗ್ತಿರುತ್ತೆ. ಮೇಲಿಂದ ಮೊಬೈಲ್‌ಗೆ ‘ಒಟಿಪಿ ಯಾರಿಗೂ ಹೇಳಬೇಡಿ’ ಅಂತ ಸಂದೇಶ, ಕೌಂಟರಲ್ಲಿ ‘ಬೇಗ ಒಟಿಪಿ ಹೇಳಮ್ಮ’ ಅಂತ ಗದರಿಕೆ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಆ್ಯಪಲ್ಲಿ ಫೋಟೊ ಕಡ್ಡಾಯ ಮಾಡಿದ್ರು, ಕಳ್ಳರನ್ನು ಹಿಡೀತೀವಿ ಅಂತ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವೇ ಇಲ್ಲದ ಫೋಟೊ, ಫೋಟೊದ ಫೋಟೊ ಎಲ್ಲ ಅಪ್‌ಲೋಡ್ ಆಗ್ತಿದೆ ಅಂತ ಒಪ್ಪಿಕೊಂಡಿತು. ಕಳ್ಳ ದಾರಿ ಕಂಡುಕೊಂಡ. ಸಿಗ್ನಲ್ ಸಿಗದ ಕಾಡಂಚಿನ ಕೂಲಿಯವಳದ್ದು ಗೈರುಹಾಜರಿ.

ಮನೆಯದ್ದೂ ಅಷ್ಟೇ. ಲೈನ್ ಮನೆ ನಮ್ಮದಲ್ಲ, ತೋಟದವರದ್ದು. ಎಷ್ಟೋ ಕಡೆ ಇಡೀ ಸಾಲಿಗೆ ಒಂದೇ ಮೀಟರ್, ಬಿಲ್ ಅವರ ಹೆಸರಲ್ಲಿ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತು ಮಾಡಿದ್ದು ವಿದ್ಯುತ್ ಮೀಟರ್ ಹಿಡಿದು. ಮೀಟರ್ ಇದ್ರೆ ಮನೆ, ಮನೆ ಇದ್ರೆ ಮನುಷ್ಯ. ತಲೆಮಾರುಗಳಿಂದ ಇಲ್ಲೇ ಇರೋ ಎರವರು, ಕುರುಬರು, ನಾವು, ವಿಳಾಸದ ಪುರಾವೆ ಕೇಳಿದ್ರೆ ಸಾಹುಕಾರರ ಕಡೆ ನೋಡಬೇಕು. ಆ ನೋಟ ಸಾಕಾಗಿಯೇ ಜನ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿದ್ರು. 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಗುಡಿಸಲನ್ನು ಜೆಸಿಬಿ ತಂದು ಕೆಡವಿದ್ದು ನಿಮಗೆಲ್ಲ ನೆನಪಿದೆ. ಜೆಸಿಬಿಗೆ ವಿಳಾಸ ಹುಡುಕೋಕೆ ಯಾವ ತೊಂದರೆಯೂ ಆಗಲಿಲ್ಲ.

ನಮ್ಮವರೇ ಕೆಲವರು ವಾದ ಮಾಡ್ತಾರೆ: ‘ಬೆರಳಚ್ಚು ಬಂದಿದ್ದಕ್ಕೇ ನಕಲಿ ಕಾರ್ಡ್ ಹೋಯ್ತು, ಡೀಲರ್ ಕಳ್ಳತನ ನಿಂತಿತು, ನೀವು ಅದನ್ನೂ ವಿರೋಧಿಸ್ತೀರಾ?’ ಗೌರವದಿಂದಲೇ ಉತ್ತರ ಕೊಡ್ತೀನಿ. ಬೆರಳಚ್ಚು ಹೇಳೋದು ಅಕ್ಕಿ ತಗೊಂಡೋರು ಯಾರು ಅಂತ. ಎಷ್ಟು ತೂಕ ಹಾಕಿದ್ರು ಅಂತ ಅದು ಹೇಳಲ್ಲ. ಮೂವತ್ತು ಕೆ.ಜಿ.ಗೆ ಬೆರಳು ಒತ್ತಿಸಿಕೊಂಡು ಇಪ್ಪತ್ತೆಂಟು ಅಳೆದ್ರೆ ಯಂತ್ರದ ದಾಖಲೆಯಲ್ಲಿ ಮೂವತ್ತೇ, ಅದೂ ನಿಮ್ಮ ಬೆರಳಿನ ಸಾಕ್ಷಿ ಸಮೇತ! ಜಾರ್ಖಂಡ್‌ನಲ್ಲಿ ಜೀನ್ ದ್ರೇಜ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಇದನ್ನೇ ಹೇಳ್ತಾ ಬಂದಿದ್ದಾರೆ.

ಅದೇ ಜಾರ್ಖಂಡ್‌ನ ಸಿಮ್ಡೇಗಾದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಹನ್ನೊಂದು ವರ್ಷದ ಸಂತೋಷಿ ಕುಮಾರಿ ಸತ್ತಳು. ಆಧಾರ್ ಜೋಡಿಸಿಲ್ಲ ಅಂತ ಮನೆಯ ರೇಷನ್ ಕಾರ್ಡ್ ರದ್ದಾಗಿತ್ತು. ಅದು ದೂರದ ರಾಜ್ಯ ಅನ್ನಬೇಡಿ. ಅದಕ್ಕೂ ಎರಡು ತಿಂಗಳು ಮೊದಲು, ಜುಲೈನಲ್ಲಿ, ನಮ್ಮ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡ್ರು. ಆಧಾರ್ ಇಲ್ಲದ ಕಾರಣಕ್ಕೆ ರೇಷನ್ ನಿಂತಿತ್ತು, ಮನೆಯಲ್ಲಿ ಅನ್ನ ಇರಲಿಲ್ಲ ಅಂತ ಪಿಯುಸಿಎಲ್‌ನವರು ಹೋಗಿ ನೋಡಿ ಹೇಳಿದ್ರು. ಹಸಿವಿನಿಂದ ಅಲ್ಲ ಅಂತ ಆಡಳಿತ ಹೇಳಿತು. ಸಿಮ್ಡೇಗಾದಲ್ಲಿ ಮಲೇರಿಯಾ ಅಂದ್ರು. ನಮ್ಮವರು ಸತ್ತಾಗ ಕಾರಣದ ಪಟ್ಟಿಯಲ್ಲಿ ಹಸಿವು ಅನ್ನೋ ಕಾಲಂ ಇರೋದೇ ಇಲ್ಲ.

ಈಗ ಕೆಲಸದ ಮಾತು. ಇದಕ್ಕೆಲ್ಲ ಹೊಸ ಕಾನೂನು ಬೇಡ, ಇರೋದೇ ಸಾಕು. 2017ರ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿದೆ: ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ, ಬೇರೆ ಗುರುತು ನೋಡಿ ರೇಷನ್ ಕೊಟ್ಟು ವಿನಾಯಿತಿ ರಿಜಿಸ್ಟರ್‌ನಲ್ಲಿ ಬರ್ಕೋಬೇಕು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್‌ನ ಬಹುಮತದ ನ್ಯಾಯಮೂರ್ತಿಗಳು ಸಬ್ಸಿಡಿಗೆ ಆಧಾರ್ ಇರಲಿ ಅಂದವರೇ, ದೃಢೀಕರಣ ಸೋತ ಕಾರಣಕ್ಕೆ ಸವಲತ್ತು ತಪ್ಪಬಾರದು ಅಂತಲೂ ಹೇಳಿದ್ದಾರೆ. (ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ಮೇಲೆ.) ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಹಕ್ಕಿನ ಧಾನ್ಯ ಕೊಡದಿದ್ರೆ ಅದರ ಬದಲಿಗೆ ಭತ್ಯೆ ಕೊಡಬೇಕು. ಈ ಭತ್ಯೆ ತಗೊಂಡವರು ನನಗಂತೂ ಇನ್ನೂ ಒಬ್ಬರೂ ಸಿಕ್ಕಿಲ್ಲ. ನೀವು ಕಂಡಿದ್ರೆ ತಿಳಿಸಿ, ಅವರ ಅರ್ಜಿಯ ನಕಲು ಬೇಕು.

ಕುಯ್ಲು ಶುರುವಾದ್ರೆ ಬೆರಳು ಇನ್ನೂ ಸವೆಯುತ್ತೆ. ಅದಕ್ಕೆ ಮುಂಚೆ ತಿತಿಮತಿ, ಬಾಳೆಲೆ, ಹುದಿಕೇರಿ, ಶ್ರೀಮಂಗಲ, ಕುಟ್ಟ ಕಡೆಯ ಸಂಗಾತಿಗಳು ತಮ್ಮ ಲೈನ್ ಮನೆಗಳಲ್ಲಿ ಇಷ್ಟು ಮಾಡಿ. ‘ನಾಳೆ ಬಾ’ ಅನ್ನಿಸಿಕೊಂಡವರ ಹೆಸರು, ದಿನಾಂಕ, ಎಷ್ಟನೇ ಸಲ ಅನ್ನೋದನ್ನು ಒಂದು ನೋಟ್‌ಬುಕ್‌ನಲ್ಲಿ ಬರೀರಿ. ಮಶೀನ್ ಪರದೆಯ ಮೇಲೆ ಬಂದ ಸಂದೇಶದ ಫೋಟೊ ತೆಗೀರಿ. ಅಂಗಡಿಯಲ್ಲಿ ವಿನಾಯಿತಿ ರಿಜಿಸ್ಟರ್ ತೋರಿಸಿ ಅಂತ ಕೇಳಿ, ಇಲ್ಲ ಅಂದ್ರೆ ‘ಇಲ್ಲ’ ಅಂತ ಬರೆದುಕೊಡಿ ಅನ್ನಿ. 1967ಕ್ಕೆ ಫೋನ್ ಮಾಡಿ ದೂರು ಕೊಟ್ಟು ದೂರಿನ ನಂಬರ್ ಬರೆದಿಡಿ. ಅಜ್ಜಿಯರನ್ನು ಒಬ್ಬೊಬ್ಬರನ್ನೇ ಕಳಿಸಬೇಡಿ, ಓದಿದ ಹುಡುಗರೊಬ್ಬರು ಜೊತೆಗೆ ಹೋಗಲಿ. ಎಲ್ಲ ನೋಟ್‌ಬುಕ್ ಒಟ್ಟು ಮಾಡಿ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ, ಪ್ರತಿಯೊಂದನ್ನು ರಾಜ್ಯ ಆಹಾರ ಆಯೋಗಕ್ಕೆ, 8ನೇ ಸೆಕ್ಷನ್‌ನಡಿ ಭತ್ಯೆ ಕೇಳಿ ಒಂದೇ ದಿನ ಕೊಡೋಣ. ಅರ್ಜಿಯ ಮಾದರಿ ನಾನು ಬರೆದಿಟ್ಟಿದ್ದೇನೆ, ಬೇಕಾದವರು ಇನ್‌ಬಾಕ್ಸ್ ಮಾಡಿ. ಕಾಮೆಂಟ್‌ನಲ್ಲಿ ಯಾರೂ ಆಧಾರ್ ನಂಬರ್, ಕಾರ್ಡ್ ನಂಬರ್ ಹಾಕಬೇಡಿ.

ಅರ್ಜಿಗೆ ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ಇಂಕ್ ಪ್ಯಾಡ್ ನಾನು ತರ್ತೀನಿ.

ಜೈಭೀಮ್.