ಗಡಸು ನೀರೆಲ್ಲ ಕೆಟ್ಟ ನೀರಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಕುಟುಂಬಗಳು ಬಾಡಿಗೆ, ಮುಂಗಡಗಳ ಮಾತು ಮುಗಿದೊಡನೆ ಕೇಳುವ ಪ್ರಶ್ನೆ ಒಂದೇ: "ಕಾವೇರಿ ನೀರೋ, ಬೋರ್ ನೀರೋ?" ಮಹಾನಗರದ ಸಂಸಾರಗಳ ನೆಮ್ಮದಿ ಎಷ್ಟರ ಮಟ್ಟಿಗೆ ನಲ್ಲಿಯನ್ನು ಅವಲಂಬಿಸಿದೆ ಎಂಬುದಕ್ಕೆ ಈ ಪ್ರಶ್ನೆಯೇ ಸಾಕ್ಷಿ. ಆದರೆ ಉತ್ತರ ದೊರೆತ ಮೇಲೂ ನಮ್ಮಲ್ಲಿ ಬಹುಮಂದಿ ಒಂದು ತಪ್ಪು ತಿಳಿವಳಿಕೆಗೆ ಒಳಗಾಗುತ್ತಾರೆ. ನಾಲಗೆಗೆ ಒಗ್ಗದ ನೀರು ರೋಗಕಾರಕವೆಂದೂ ತಿಳಿಯಾಗಿ ಸಿಹಿಯಾಗಿರುವ ನೀರು ನಿರಪಾಯಕಾರಿಯೆಂದೂ ಭಾವಿಸುತ್ತಾರೆ. ಈ ಎರಡು ನಂಬಿಕೆಗಳನ್ನೂ ಪರಾಮರ್ಶಿಸುವುದು ಈ ತಿಂಗಳ ನಮ್ಮ ಉದ್ದೇಶ.

ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಬಂದದ್ದು 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಅದರ ಜೊತೆಗೂಡಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಹರಿಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಗೊಂಡಿತು. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳು ಆ ನದಿಯನ್ನು ಎತ್ತಿ ತರುತ್ತಿವೆ. ಹೀಗಿದ್ದರೂ ಅನೇಕ ಬಡಾವಣೆಗಳು ಕೊಳವೆ ಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಿಕೊಂಡಿವೆ. ಎಷ್ಟೋ ಮನೆಗಳಲ್ಲಿ ಎರಡು ಬಗೆಯ ನೀರೂ ಒಂದೇ ಸಂಪಿಗೆ ಬೀಳುತ್ತದೆ. ಸೋಮವಾರ ನೊರೆಗೂಡಿದ ಸಾಬೂನು ಗುರುವಾರ ಮೊಸರೊಡೆದಂತೆ ಆಗುವುದರ ಗುಟ್ಟು ಇದೇ.

ಗಡಸುತನವೆಂದರೇನು? ಮಳೆಯ ನೀರು ಸ್ವಭಾವತಃ ಮೆದು. ಅದು ಮಣ್ಣಿಗಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಕೂಡಿಸಿಕೊಂಡು ತುಸು ಆಮ್ಲಗುಣ ಪಡೆಯುತ್ತದೆ. ಬೆಂಗಳೂರಿನ ಅಡಿಯಲ್ಲಿರುವುದು ಗ್ರಾನೈಟ್ ಹಾಗೂ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆ ಅದರ ಹೊರಚಾಚಿದ ಭಾಗ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಈ ಶಿಲೆಯ ಬಿರುಕುಗಳಲ್ಲಿ ನೀರು ದೀರ್ಘಕಾಲ ತಂಗಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅದೇ ಗಡಸು ನೀರು. ಕಾಯಿಸಿದಾಗ ಈ ಲವಣಗಳಲ್ಲಿ ಒಂದು ಪಾಲು ಸುಣ್ಣವಾಗಿ ಹಂಡೆಯ ತಳದಲ್ಲೂ ಗೀಸರಿನ ಒಳಗೂ ಕೂರುತ್ತದೆ. ಇದು ತಾತ್ಕಾಲಿಕ ಗಡಸುತನ. ಕುದಿಸಿದರೂ ಹೋಗದ ಉಳಿದ ಪಾಲು ಶಾಶ್ವತ ಗಡಸುತನ. ಬೇಳೆ ಬೇಗ ಬೇಯದಿರುವುದಕ್ಕೂ ಕ್ಯಾಲ್ಸಿಯಮ್ಮೇ ಕಾರಣ. ಅದು ಕಾಳಿನ ಅಂಟುಪದಾರ್ಥದೊಡನೆ ಸೇರಿ ಕಾಳನ್ನು ಬಿಗಿಗೊಳಿಸುತ್ತದೆ.

ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೂ ಸಮ್ಮತ. ವಿಶ್ವ ಆರೋಗ್ಯ ಸಂಸ್ಥೆಯಂತೂ ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ವಿಧಿಸಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ದೇಹಕ್ಕೆ ಬೇಕಾದ ವಸ್ತುಗಳೇ. ಗಡಸು ನೀರು ಕುಡಿದರೆ ಮೂತ್ರಕೋಶದಲ್ಲಿ ಕಲ್ಲಾಗುವುದೆಂಬ ಭಯ ಮನೆಮನೆಯಲ್ಲಿದೆ. ಅದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಕಲ್ಲಾಗುವ ಪ್ರವೃತ್ತಿಯುಳ್ಳವರಿಗೆ ನೀರನ್ನೇ ಕಡಿಮೆ ಕುಡಿಯುವುದು ಹೆಚ್ಚಿನ ಅಪಾಯ. ಗಡಸು ನೀರು ಸಾಬೂನನ್ನೂ ಇಂಧನವನ್ನೂ ತಿನ್ನುತ್ತದೆ, ಕೂದಲನ್ನು ಒರಟಾಗಿಸುತ್ತದೆ, ನಲ್ಲಿಗೆ ಬಿಳಿ ಕಲೆ ಹಿಡಿಸುತ್ತದೆ. ಇವು ಕಿರುಕುಳಗಳು, ರೋಗಗಳಲ್ಲ.

ನಿಜವಾಗಿ ಅಂಜಬೇಕಾದದ್ದು ಕಣ್ಣಿಗೂ ನಾಲಗೆಗೂ ತಿಳಿಯದಿರುವ ವಸ್ತುಗಳಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯಂತೆ ತಿಳಿಯಾಗಿರುವುದೆಲ್ಲ ಶುದ್ಧ ಜಲವಲ್ಲ. ಒಳಚರಂಡಿ, ಶೌಚಗುಂಡಿಗಳಿಂದ ನೆಲಕ್ಕಿಳಿಯುವ ಮಲಿನಾಂಶ ಅಂತರ್ಜಲದಲ್ಲಿ ನೈಟ್ರೇಟ್ ಆಗಿ ಉಳಿಯುತ್ತದೆ. ನಗರದ ಹಲವು ಭಾಗಗಳ ಕೊಳವೆ ಬಾವಿಗಳಲ್ಲಿ ಇದು ಮಿತಿ ಮೀರಿರುವುದನ್ನು ಅಂತರ್ಜಲ ಸಮೀಕ್ಷೆಗಳು ತೋರಿಸಿವೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ನೈಟ್ರೇಟ್ ಅಧಿಕವಾಗಿರುವ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ಆರು ತಿಂಗಳೊಳಗಿನ ಶಿಶುವಿನ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳಬಹುದು. ತುಟಿ, ಉಗುರುಗಳು ನೀಲಿಗಟ್ಟಬಹುದು. ಹಾಗಾದಾಗ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಕುದಿಸಿದರೆ ಸಾಕೆಂಬ ಧೈರ್ಯ ಇಲ್ಲಿ ಸಲ್ಲದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ಮಗುವಿಗೆ ಬೇರೆ ನೀರು ಬೇಡವೆಂದು ವೈದ್ಯರು ಹೇಳುವುದರಲ್ಲಿ ಈ ರಕ್ಷಣೆಯೂ ಅಡಗಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕಾಡುವ ಫ್ಲೋರೈಡಿನ ಮಾತೂ ಇದೇ: ಹಲ್ಲಿಗೆ ಕಲೆ, ಮೂಳೆಗೆ ಬಾಧೆ ತರುವ ಅದು ಕುದಿಸಿದರೆ ಹೋಗದು.

ಈ ತಿಳಿವಳಿಕೆಯ ಕೊರತೆಯನ್ನೇ ಬಂಡವಾಳ ಮಾಡಿಕೊಂಡ ಮಾರಾಟಗಾರರಿದ್ದಾರೆ. ಎರಡು ಲೋಟ ನೀರಿಗೆ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹರಿಸಿದಾಗ ನಲ್ಲಿಯ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ಗೃಹಿಣಿ ಬೆಚ್ಚುತ್ತಾಳೆ. ವಾಸ್ತವವಾಗಿ ಆ ಕಂದು ಬಣ್ಣ ಕಡ್ಡಿಯ ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ. ಲವಣವಿಲ್ಲದ ನೀರಿನಲ್ಲಿ ಹರಿಯದು. ಅದೇ ರೀತಿ, ಕರಗಿದ ಲವಣಗಳ ಮೊತ್ತ ತೋರುವ ಪುಟ್ಟ ಟಿ.ಡಿ.ಎಸ್. ಮೀಟರಿಗೆ ರೋಗಾಣುವಿನ ಸುಳಿವು ಸಿಗುವುದಿಲ್ಲ, ನೈಟ್ರೇಟನ್ನು ಬೇರೆಯಾಗಿ ಗುರುತಿಸುವ ಶಕ್ತಿಯೂ ಅದಕ್ಕಿಲ್ಲ.

ಹಾಗಾದರೆ ಆರ್.ಓ. ಯಂತ್ರ ಬೇಡವೇ? ಬೇಕಾದ ಮನೆಗೆ ಬೇಕು. ಕೊಳವೆ ಬಾವಿಯನ್ನೇ ಕುಡಿಯಲು ನಂಬಿದ್ದು, ಪರೀಕ್ಷೆಯಲ್ಲಿ ನೈಟ್ರೇಟ್, ಫ್ಲೋರೈಡ್ ಅಥವಾ ಒಟ್ಟು ಲವಣ ಅಧಿಕವೆಂದು ಕಂಡರೆ ಅದು ಉಪಕಾರಿ. ಆದರೆ ಕಾವೇರಿ ನೀರಿನ ಗಡಸುತನ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಅಂಥ ನೀರಿಗೆ ಸೋಸಿ ಕುದಿಸುವುದೇ ಸಾಕು. ಒಂದು ಲೀಟರು ಆರ್.ಓ. ನೀರಿಗಾಗಿ ಎರಡು ಮೂರು ಲೀಟರು ಚರಂಡಿ ಪಾಲಾಗುವುದುಂಟು. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಈ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿದ್ದು ಇದೇ ಕಾರಣಕ್ಕೆ. ಯಂತ್ರವಿರುವವರು ಹೊರಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸಬಹುದು. ಇನ್ನು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಕ್ಯಾಲ್ಸಿಯಮ್ಮಿನ ಬದಲಿಗೆ ಸೋಡಿಯಂ ಸೇರಿಸುತ್ತದೆ. ಅದು ಸ್ನಾನಕ್ಕೆ, ಬಟ್ಟೆಗೆ ಸರಿ. ರಕ್ತದೊತ್ತಡದಿಂದಾಗಿ ಉಪ್ಪು ಬಿಟ್ಟಿರುವ ಹಿರಿಯರಿರುವ ಮನೆಯಲ್ಲಿ ಅಡುಗೆಮನೆಯ ನಲ್ಲಿಯನ್ನು ಅದರಿಂದ ಬೇರ್ಪಡಿಸಿಡುವುದು ಒಳಿತು.

ಆದ್ದರಿಂದ ಯಂತ್ರ ಕೊಳ್ಳುವ ಮುನ್ನ ಪರೀಕ್ಷೆ ಮಾಡಿಸಿರಿ ಎಂಬುದು ನಮ್ಮ ವಿನಂತಿ. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಗಡಸುತನ, ಒಟ್ಟು ಲವಣ, ನೈಟ್ರೇಟ್, ಫ್ಲೋರೈಡ್ ಹಾಗೂ ರೋಗಾಣು ಇವಿಷ್ಟನ್ನು ನೋಡಿಸಿದರೆ ಸಾಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಸೀಸೆಯಲ್ಲಿ ನೀರು ಹಿಡಿದು ಅಂದೇ ಒಪ್ಪಿಸಬೇಕು. ಮಳೆಗಾಲದ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಿದರೆ ಉತ್ತಮ. ಸಂಪನ್ನು ಆರು ತಿಂಗಳಿಗೊಮ್ಮೆ ತೊಳೆಸಿ, ಅದರ ಮುಚ್ಚಳ ಭದ್ರವಾಗಿರುವಂತೆ ನೋಡಿಕೊಳ್ಳಬೇಕು. ಅನುಕೂಲವುಳ್ಳವರು ಕಾವೇರಿಗೂ ಕೊಳವೆ ಬಾವಿಗೂ ಬೇರೆ ಬೇರೆ ತೊಟ್ಟಿಗಳನ್ನಿಡಬೇಕು. ಗೀಸರಿನ, ಪಾತ್ರೆಯ ಸುಣ್ಣಕ್ಕೆ ನಿಂಬೆಹುಳಿಯೇ ಮದ್ದು.

ಕೊನೆಯದಾಗಿ ಒಂದು ಮಾತು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ ಬೀಳುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವ ನೀರೇ ವರ್ಷಕ್ಕೆ ಸುಮಾರು 90 ಸಾವಿರ ಲೀಟರು. ಅದೂ ಗಡಸುತನವಿಲ್ಲದ ನೀರು. 2009ರಲ್ಲೇ ಕಾನೂನು ಮಳೆಕೊಯ್ಲನ್ನು ನಿಗದಿತ ಅಳತೆಯ ಮನೆಗಳಿಗೆ ಕಡ್ಡಾಯಗೊಳಿಸಿತು. ಆದರೂ 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾದು ನಿಂತರು. ಸೋಸಿದ ಮಳೆನೀರನ್ನು ನೆಲಕ್ಕೆ ಇಂಗಿಸಿದರೆ ಬಾವಿಯ ನೀರು ಹೆಚ್ಚುವುದಲ್ಲದೆ ಅದರ ಗಡಸುತನವೂ ಇಳಿಯುತ್ತದೆ. ಚರಂಡಿಯ ಸೋರಿಕೆ ಕಂಡಾಗ ಬೀದಿಯವರೆಲ್ಲ ಸೇರಿ ದೂರಿತ್ತರೆ ನೈಟ್ರೇಟಿನ ಮೂಲಕ್ಕೇ ತಡೆಯಾಗುತ್ತದೆ. ನೆರೆಮನೆಯ ಗುಂಡಿಯಿಂದ ಇಳಿದದ್ದು ನಮ್ಮ ಬಾವಿಗೂ ಬರುತ್ತದೆ. ನಮ್ಮ ಮನೆಯದು ಅವರ ಮಗುವಿನ ಲೋಟಕ್ಕೂ ಸೇರುತ್ತದೆ. ಇದನ್ನರಿತು ನಡೆಯುವುದು ಪ್ರತಿಯೊಂದು ಮನೆತನದ ಹೊಣೆ.