ಹೋಟೆಲಿಗೆ ಬಂದ ನವಣೆ, ಹೊಲ ಬಿಟ್ಟ ನವಣೆ

ನಗರದ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಹೊಸ ಹೆಸರುಗಳು ಸೇರಿವೆ. ನವಣೆ ಬಿಸಿಬೇಳೆಬಾತ್, ಸಾಮೆ ಪೊಂಗಲ್, ಊದಲಿನ ಇಡ್ಲಿ, ಸಿರಿಧಾನ್ಯದ ಮಸಾಲೆದೋಸೆ. ಬೆಂಗಳೂರಿನ ಉಪಾಹಾರ ಗೃಹಗಳಲ್ಲಿ ಮೊದಲು ಕಾಣಿಸಿದ ಈ ಪದಾರ್ಥಗಳು ಹಂಪಿಯ ಸುತ್ತಲಿನ ರೆಸಾರ್ಟುಗಳಿಗೂ, ಮಲೆನಾಡಿನ ಹೋಂಸ್ಟೇಗಳಿಗೂ ಬಂದಿವೆ. ಭಾರತ ಸರ್ಕಾರವು 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಅದೇ ವರ್ಷದ ಜುಲೈನಲ್ಲಿ ಜಿ-20 ರಾಷ್ಟ್ರಗಳ ಶೆರ್ಪಾಗಳ ಸಭೆ ಹಂಪಿಯಲ್ಲಿಯೇ ಜರುಗಿತು. ಬಡವರ ಕಾಳೆಂದು ಮೂಗು ಮುರಿಸಿಕೊಂಡಿದ್ದ ಧಾನ್ಯಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಸಂತೋಷದ ಸಂಗತಿಯೇ. ಆದರೆ ಹಂಪಿಯಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ, ಈ ಧಾನ್ಯಗಳ ತವರೆನ್ನಬಹುದಾದ ಸೀಮೆಯ ಹೊಲಗಳಲ್ಲಿ ಏನು ಬೆಳೆದಿದೆಯೆಂದು ನೋಡಿದವರಿಗೆ ಆ ಸಂತೋಷ ಬಹಳ ಹೊತ್ತು ಉಳಿಯುವುದಿಲ್ಲ.

ಶಾಸನಗಳು ಕೋಗಳಿ-500 ಎಂದು ಕರೆದ ಸೀಮೆಯದು. ಕೋಗಳಿ ಎಂಬ ಊರು ಇಂದಿಗೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಅದರ ಸುತ್ತ ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿಗಳಿವೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಇವೆಲ್ಲವೂ ಒಂದೇ ಜಿಲ್ಲೆಗೆ ಸೇರಿದವು. ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಅದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಎರಡು ಹೊಳೆಗಳ ನೀರು. ಆದರೆ ಸೀಮೆಯ ಬಹುಪಾಲು ಹೊಲಗಳಿಗೆ ಹೊಳೆಯ ನೀರು ಹತ್ತುವುದಿಲ್ಲ. ವರ್ಷಕ್ಕೆ 500ರಿಂದ 650 ಮಿಲಿಮೀಟರಿನಷ್ಟು ಬೀಳುವ ಮಳೆಯೇ ಅಲ್ಲಿಯ ಬೇಸಾಯದ ಬಂಡವಾಳ. ಆಗುಂಬೆಯಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಸುರಿಯುವಷ್ಟು ನೀರಿನಲ್ಲಿ ಈ ಜನ ಇಡೀ ವರ್ಷ ಕಳೆಯಬೇಕು.

ಅಷ್ಟು ಮಳೆಗೆ ಹೊಂದಿಕೊಂಡ ಬೆಳೆಗಳನ್ನು ಹಿರಿಯರು ತಲೆಮಾರುಗಳಿಂದ ಆರಿಸಿಟ್ಟಿದ್ದರು. ಕೆಂಪು ಮಸಾರಿಗೆ ನವಣೆ, ಸಜ್ಜೆ, ಸಾಮೆ. ಎರೆಹೊಲಕ್ಕೆ ಹಿಂಗಾರಿಯ ಬಿಳಿಜೋಳ. ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹುರುಳಿ, ಅಲಸಂದೆ, ಗುರೆಳ್ಳು. ನವಣೆ ಎಂಬತ್ತು ತೊಂಬತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಎಕರೆಗೆ ಮೂರ್ನಾಲ್ಕು ಕಿಲೋ ಬೀಜ ಸಾಕು, ಆ ಬೀಜವೂ ಮನೆಯದೇ. ಮಳೆ ಹದಿನೈದು ದಿನ ಮುನಿಸಿಕೊಂಡರೂ ತಡೆದುಕೊಳ್ಳುತ್ತದೆ, ಹುಲ್ಲು ದನಗಳಿಗಾಗುತ್ತದೆ. ನವಣೆಯ ಅನ್ನ, ಜೋಳದ ಮುದ್ದೆ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಗುರೆಳ್ಳಿನ ಚಟ್ನಿ, ಪುಂಡಿಪಲ್ಯ. ಈ ಅಡಿಗೆ ಯಾವ ಹೋಟೆಲಿನ ಪಟ್ಟಿಯಲ್ಲಿಯೂ ಇರಲಿಲ್ಲ, ಅದಕ್ಕೆ ಆರೋಗ್ಯದ ಜಾಹೀರಾತೂ ಬೇಕಿರಲಿಲ್ಲ.

ಇಂದು ಮುಂಗಾರಿನಲ್ಲಿ ಹರಪನಹಳ್ಳಿಯಿಂದ ಕೊಟ್ಟೂರಿನ ಕಡೆಗೆ ಹೊರಟವರಿಗೆ ದಾರಿಯ ಇಬ್ಬದಿಯಲ್ಲಿ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ. ದಾವಣಗೆರೆಯ ಮಾರುಕಟ್ಟೆ ಸಮೀಪದಲ್ಲಿದೆ, ಕೊಳ್ಳುವವರಿದ್ದಾರೆ, ಇಳುವರಿ ಹೆಚ್ಚು. ಪ್ರತಿವರ್ಷ ಕಂಪನಿಯ ಬೀಜ, ಅದಕ್ಕೆ ತಕ್ಕ ಯೂರಿಯಾ, ಕಳೆಗೆ ವಿಷ. ಅಕ್ಕಡಿ ಸಾಲಿಗೆ ಜಾಗವೇ ಇಲ್ಲ. ಇದನ್ನು ರೈತನ ಆಸೆಬುರುಕತನವೆಂದು ಹಳಿಯುವುದು ಸುಲಭ. ಹಾಗೆ ಹಳಿಯುವವರು ನವಣೆಯನ್ನು ಒಮ್ಮೆ ಕುಟ್ಟಿ ನೋಡಬೇಕು. ಆ ಪುಟ್ಟ ಕಾಳಿನ ಗಟ್ಟಿ ಸಿಪ್ಪೆಯನ್ನು ಬಿಡಿಸಲು ಮನೆಯ ಹೆಂಗಸರು ಬೆಳಗಿನ ಜಾವದಲ್ಲಿಯೇ ಎದ್ದು ಬೀಸುವ ಕಲ್ಲು, ಒರಳು, ಒನಕೆಗಳ ಮುಂದೆ ನಿಲ್ಲಬೇಕಿತ್ತು. ಭತ್ತಕ್ಕೆ ಊರೂರಿಗೂ ಗಿರಣಿ ಬಂತು, ನವಣೆಗೆ ಬರಲಿಲ್ಲ. ಪಡಿತರದ ಅಕ್ಕಿ ಮನೆಗೆ ಬಂದಾಗ, ವಿಶೇಷವಾಗಿ 2013ರಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ, ಒನಕೆಯನ್ನು ಮೂಲೆಗಿಟ್ಟ ತಾಯಂದಿರು ನಿಟ್ಟುಸಿರು ಬಿಟ್ಟಿದ್ದರೆ ಅದು ನ್ಯಾಯವೇ ಆಗಿತ್ತು. ಆ ಅಕ್ಕಿ ಹಸಿವನ್ನು ನೀಗಿಸಿದ್ದನ್ನು ಮರೆತು ಹಳೆಯ ಊಟದ ಗುಣಗಾನ ಮಾಡುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ.

ಹೊಲದ ಮೆಕ್ಕೆಜೋಳವನ್ನು ಊರಿನವರು ಊಟಕ್ಕೆ ಬಳಸುವುದು ತೀರ ಕಡಿಮೆ. ಅದು ಕೋಳಿಯ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಇತ್ತೀಚಿನ ವರ್ಷಗಳಲ್ಲಿ ಎಥೆನಾಲಿಗೆ ಹೋಗುತ್ತದೆ. ಹೋದದ್ದು ಬೇರೆ ವೇಷದಲ್ಲಿ ಮರಳಿಯೂ ಬರುತ್ತದೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಕೂಡ್ಲಿಗಿಯನ್ನು ಹಾದುಹೋಗುತ್ತದೆ. ಹೆದ್ದಾರಿ ಅಗಲವಾದಂತೆ ಡಾಬಾಗಳೂ ಬಂದವು. ಅಲ್ಲಿಯ ಕೋಳಿ ತಿಂದದ್ದು ಮೆಕ್ಕೆಜೋಳ. ಗೋಬಿ ಮಂಚೂರಿಗೆ ಹಚ್ಚುವ ಕಾರ್ನ್ ಫ್ಲೋರ್ ಮೆಕ್ಕೆಜೋಳದ್ದೇ. ಈ ಗೋಬಿಯ ಕೆಂಪಿನ ಗುಟ್ಟು 2024ರ ಮಾರ್ಚ್‌ನಲ್ಲಿ ಬಯಲಾಯಿತು. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಆ ಬಳಿಕ ಕೃತಕ ಬಣ್ಣದ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಜವಳಿಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ತಿನಿಸಿನಲ್ಲಿ ಸೇರಿತ್ತು. ಹಳ್ಳಿಯ ಜಾತ್ರೆಗಳಲ್ಲಿಯೂ ಈಗ ಮಿಠಾಯಿ ಅಂಗಡಿಯ ಪಕ್ಕದಲ್ಲಿ ಗೋಬಿಯ ಗಾಡಿ ನಿಲ್ಲುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ಬೆಲೆಯ ಲೆಕ್ಕ ಇನ್ನೂ ಕುತೂಹಲಕರ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ರೂಪಾಯಿ, ಸಜ್ಜೆಗೆ 2,775, ಹೈಬ್ರಿಡ್ ಜೋಳಕ್ಕೆ 3,699, ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಆ ವರ್ಷದ ಸುಗ್ಗಿಯಲ್ಲಿ ಮೆಕ್ಕೆಜೋಳದ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಗೆದ್ದ ಬೆಳೆಯ ಕಥೆಯೇ ಹೀಗೆ. ಇನ್ನು ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗುಗಳ ಹೆಸರು ಆ ಪಟ್ಟಿಯಲ್ಲಿಯೇ ಇಲ್ಲ. ವಿಶ್ವಸಂಸ್ಥೆಯವರೆಗೆ ಮೆರವಣಿಗೆ ಹೋದ ಧಾನ್ಯಗಳಿಗೆ ಸ್ವದೇಶದಲ್ಲಿ ಬೆಂಬಲ ಬೆಲೆಯಿಲ್ಲವೆಂಬುದು ಹೋಟೆಲಿನಲ್ಲಿ ಸಿರಿಧಾನ್ಯದೋಸೆ ತಿನ್ನುವವರಲ್ಲಿ ಎಷ್ಟು ಜನರಿಗೆ ಗೊತ್ತಿದೆ? ರಾಜ್ಯ ಸರ್ಕಾರ 2019-20ರಲ್ಲಿ ರೈತಸಿರಿ ಯೋಜನೆಯಡಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಪ್ರಕಟಿಸಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಬಿತ್ತಲು ಕೊಡುವ ಹಣ ಬೇರೆ, ಬೆಳೆದದ್ದನ್ನು ಕೊಳ್ಳುವ ಭರವಸೆ ಬೇರೆ.

ಹೋಟೆಲಿನ ತಟ್ಟೆಯಲ್ಲಿರುವುದು ನಿಜವಾಗಿ ಎಷ್ಟು ನವಣೆ ಎಂಬುದು ಇನ್ನೊಂದು ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಮಂಡಳಿಯು ಶೇ. 70ಕ್ಕಿಂತ ಕಡಿಮೆಯಿಲ್ಲದಷ್ಟು ಸಿರಿಧಾನ್ಯವಿರುವ ಹಿಟ್ಟಿನ ಮಿಶ್ರಣಕ್ಕೆ ತೆರಿಗೆ ರಿಯಾಯಿತಿ ನೀಡಿತು. ಬಿಡಿಯಾಗಿ ಮಾರಿದರೆ ತೆರಿಗೆಯಿಲ್ಲ, ಹೆಸರು ಮುದ್ರಿಸಿ ಪ್ಯಾಕೆಟ್ಟಿನಲ್ಲಿ ಮಾರಿದರೆ ಶೇ. 5. ಹಿಟ್ಟಿಗೆ ಹೀಗೊಂದು ಅಳತೆಗೋಲು ಸಿಕ್ಕಿತು, ದೋಸೆಗೆ ಸಿಗಲಿಲ್ಲ. ಅಕ್ಕಿ, ಉದ್ದಿನ ಹಿಟ್ಟಿಗೆ ಒಂದು ಹಿಡಿ ನವಣೆ ಸೇರಿಸಿ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಕೇಳುವವರಿಲ್ಲ. ಗಿರಾಕಿಗೆ ಬಿಳುಪೇ ಬೇಕೆಂದು ಗಿರಣಿಗಳು ಕಾಳಿನ ತೌಡನ್ನೆಲ್ಲ ಉಜ್ಜಿ ತೆಗೆದರೆ ನಾರಿನಂಶವೂ ಅದರೊಂದಿಗೆ ಹೋಗುತ್ತದೆ. ಅಷ್ಟು ಪಾಲಿಶ್ ಮಾಡಿದ ನವಣೆಗೂ ಬಿಳಿ ಅಕ್ಕಿಗೂ ಗುಣದಲ್ಲಿ ಹೆಚ್ಚಿನ ಅಂತರ ಉಳಿಯದು, ಅಂತರವೆಲ್ಲ ಬೆಲೆಯಲ್ಲಿ.

ಈ ಸೀಮೆಯ ಪುಟ್ಟ ಹೋಟೆಲುಗಳ ಬಗ್ಗೆಯೂ ಒಂದು ಮಾತು. ಕೊಟ್ಟೂರಿನಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಬೆಳಗಾದರೆ ಮಂಡಕ್ಕಿ ಒಗ್ಗರಣೆ, ಬಿಸಿ ಮೆಣಸಿನಕಾಯಿ ಬಜ್ಜಿ, ಮೇಲೊಂದು ಚಹ. ಕೂಲಿಗೆ ಹೊರಟವನೂ ಕಚೇರಿಗೆ ಹೊರಟವನೂ ಒಂದೇ ಬೆಂಚಿನ ಮೇಲೆ ಕೂರುವ ತಾಣಗಳಿವು. ಆರೋಗ್ಯದ ಹೆಸರಿನಲ್ಲಿ ಇವುಗಳನ್ನು ಕೀಳಾಗಿ ಕಾಣುವ ಹೊಸ ಚಾಳಿ ಒಪ್ಪತಕ್ಕದ್ದಲ್ಲ. ತಿದ್ದಬೇಕಾದುದು ಎಣ್ಣೆ ಇಳಿಯುವ ಬಜ್ಜಿಯನ್ನು ಹಳೆಯ ಪತ್ರಿಕೆಯಲ್ಲಿ ಕೊಡುವ ರೂಢಿ. ಶಾಯಿಯಲ್ಲಿ ಸೀಸದಂತಹ ವಸ್ತುಗಳಿರುತ್ತವೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2023ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿದೆ. ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ರಾಜ್ಯ ಆರೋಗ್ಯ ಇಲಾಖೆ ಪತ್ತೆಹಚ್ಚಿದ್ದು 2025ರ ಫೆಬ್ರವರಿಯಲ್ಲಿ. ಕರ್ನಾಟಕದಲ್ಲಿ 2016ರಿಂದಲೂ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ ಎಂಬುದನ್ನು ಜಾತ್ರೆಯ ಮರುದಿನ ಯಾವ ಊರಿನ ಬಯಲನ್ನು ನೋಡಿದವರೂ ನಂಬಲಾರರು.

ಹಿಂದೆ ಇದೇ ಊರುಗಳಲ್ಲಿ ಮದುವೆ, ತೇರುಗಳ ಊಟಕ್ಕೆ ಮುತ್ತುಗದ ಎಲೆಯ ಪತ್ರಾವಳಿ ಇತ್ತು. ಕುರುಚಲು ಕಾಡಿನ ಎಲೆ, ಬಡ ಮನೆಗಳಿಗೆ ಬೇಸಗೆಯ ಕಸುಬು. ಮಲೆನಾಡಿನ ಅಡಿಕೆ ಹಾಳೆಯ ತಟ್ಟೆ ಅದಕ್ಕೆ ಅಣ್ಣನಂತೆ ಬೆಳೆದು ಹಡಗು ಹತ್ತಿತು. ಆದರೆ ಹಾಳೆಯಿಂದ ಅಡಿಕೆಯ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಆಮದಿಗೆ ತಡೆಯೊಡ್ಡಿತು. ದೂರದ ಗಿರಾಕಿಯನ್ನೇ ನೆಚ್ಚಿದ ಕಸುಬಿನ ಪಾಡನ್ನು ಗುಡ್ಡದ ಹಳ್ಳಿಗಳು ಹೀಗೆ ಕಂಡಿವೆ. ನಗರದ ಹೋಟೆಲಿನ ಅಭಿರುಚಿಯನ್ನೇ ನಂಬಿ ನವಣೆ ಬಿತ್ತಬೇಕಾದ ಕೂಡ್ಲಿಗಿಯ ರೈತನ ಅಂಜಿಕೆ ಅವರಿಗೆ ಬೇಗ ಅರ್ಥವಾದೀತು. ಗದ್ದೆಯನ್ನು ಅಡಿಕೆ ನುಂಗಿದ್ದನ್ನು ಕಂಡವರಿಗೆ ನವಣೆಯನ್ನು ಮೆಕ್ಕೆಜೋಳ ನುಂಗಿದ್ದು ಹೊಸ ಕಥೆಯಾಗಿ ತೋರುವುದೂ ಇಲ್ಲ.

ಆದ್ದರಿಂದ ಬೇಡಿಕೆಗಳು ಹೋಟೆಲಿನ ಅಡಿಗೆಮನೆಯಲ್ಲಿ ನಿಲ್ಲಬಾರದು. ಕಿರುಧಾನ್ಯಗಳಿಗೂ ಬೆಂಬಲ ಬೆಲೆ, ಹೋಬಳಿಗೊಂದು ಸಿಪ್ಪೆ ಬಿಡಿಸುವ ಯಂತ್ರ, ಆ ಯಂತ್ರ ಮಹಿಳಾ ಸಂಘಗಳ ಕೈಯಲ್ಲಿ. ಕ್ವಿಂಟಲ್ ನವಣೆಗೆ ಸುಮಾರು 65-70 ಕಿಲೋ ಅಕ್ಕಿ ದೊರೆಯುತ್ತದೆ. ಉಳಿದ ಹೊಟ್ಟು ತೌಡು ದೂರದ ಗಿರಣಿಯಲ್ಲಿ ಬಿಡುವ ಬದಲು ಊರಿನ ದನಗಳಿಗೇ ಸಿಗುತ್ತದೆ. ದೊಡ್ಡ ಗಿರಾಕಿಯೂ ಊರಿನಲ್ಲಿಯೇ ಇದ್ದಾನೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, ವಿದ್ಯಾರ್ಥಿನಿಲಯಗಳು, ತಾಲ್ಲೂಕು ಕೇಂದ್ರಗಳ ಇಂದಿರಾ ಕ್ಯಾಂಟೀನುಗಳು ವಾರಕ್ಕೆ ಎರಡು ದಿನ ನವಣೆ, ಜೋಳ ಬೇಯಿಸಿದರೂ ಬೇಡಿಕೆ ಯಾವ ರೆಸಾರ್ಟಿನ ಬೇಡಿಕೆಗಿಂತಲೂ ದೊಡ್ಡದು, ಸ್ಥಿರವಾದದ್ದು. ರೆಸಾರ್ಟಿನ ಪಟ್ಟಿ ಮುಂದಿನ ವರ್ಷ ಬದಲಾಗಬಹುದು. ಶಾಲೆಯ ಗಂಟೆ ಪ್ರತಿ ಮಧ್ಯಾಹ್ನ ಬಾರಿಸುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ಗುಡ್ಡದ ಹೋಂಸ್ಟೇಯಲ್ಲಾಗಲಿ ಪೇಟೆಯ ಹೋಟೆಲಿನಲ್ಲಾಗಲಿ ಸಿರಿಧಾನ್ಯದ ಹಲಗೆ ಕಂಡರೆ ಇದು ಯಾವ ಊರಿನ ಕಾಳು, ಎಷ್ಟು ಪಾಲು, ರೈತನಿಗೆ ಕೊಟ್ಟದ್ದೆಷ್ಟು ಎಂದು ಸೌಜನ್ಯದಿಂದ ಕೇಳುವುದು. ಉತ್ತರ ಬಾರದಿದ್ದರೂ ಗಲ್ಲಾದ ಹಿಂದಿರುವವರು ಮರುಸಲ ಸರಕು ತರಿಸುವಾಗ ಆ ಪ್ರಶ್ನೆಯನ್ನು ಮುಂದಕ್ಕೆ ಸಾಗಿಸಬಹುದು. ಗುಡ್ಡದ ಸಂಘಗಳು ಇನ್ನೊಂದು ಹೆಜ್ಜೆ ಮುಂದಿಟ್ಟು ಕೋಗಳಿ ಸೀಮೆಯ ರೈತ ಗುಂಪುಗಳೊಡನೆ ಬಿತ್ತನೆಗೆ ಮೊದಲೇ ಮಾತಾಡಿ, ಇಷ್ಟು ಕ್ವಿಂಟಲ್ ನವಣೆ, ಇಷ್ಟು ಬೆಲೆ ಎಂದು ಬರೆದುಕೊಡಬಹುದು. ನವಣೆ ಬಿತ್ತುವುದು ಮೃಗಶಿರಾ, ಆರಿದ್ರಾ ಮಳೆಗಳಿಗೆ. ಮೆಕ್ಕೆಜೋಳದ ಬೀಜದ ಚೀಲಗಳು ಅದಕ್ಕೆ ಮೊದಲೇ ಅಂಗಡಿಗಳಲ್ಲಿ ರಾಶಿ ಬೀಳುತ್ತವೆ, ಮಾತುಕತೆ ಅದಕ್ಕೂ ಮುಂಚೆ ಮುಗಿದಿರಬೇಕು.