ಐನೂರು ರೂಪಾಯಿ ಕಂಪ್ಯೂಟರ್ ಬಂತೇ? ಅದರೊಳಗೆ ಕನ್ನಡ ಇತ್ತೇ?



ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕಂಪ್ಯೂಟರ್ ಕೊಳ್ಳಲು ಬಂದವನನ್ನು ಜೊತೆಗೆ ಬಂದ ಗೆಳೆಯನೇ ತಡೆಯುತ್ತಾನೆ: "ಈಗ ತಗೋಬೇಡ ಗುರು, ಹೊಸದು ಬರ್ತಿದೆ!" ಮಷೀನು ಹೊಸದಂತೆ, ಆಪರೇಟಿಂಗ್ ಸಿಸ್ಟಂ ಹೊಸದಂತೆ, ಬೆಲೆ ಅರ್ಧವಂತೆ. ಬರೀ ಅಂತೆಕಂತೆಗಳ ಸಂತೆ. ಈ ಸಂತೆಯಲ್ಲಿ ನಮ್ಮ ಹುಡುಗರು ಕೇಳುವ ಪ್ರಶ್ನೆ ಎರಡೇ. ಎಷ್ಟಕ್ಕೆ? ಯಾವಾಗ? ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದರೊಳಗೆ ಕನ್ನಡ ಇದೆಯೇ?

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಥೆ ಇದೆ. ಕಟ್ಟುಕಥೆಯಲ್ಲ, ನಡೆದದ್ದು.

2009ರ ಆರಂಭ. ಕೇಂದ್ರ ಸರ್ಕಾರ ಹತ್ತು ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಐನೂರು ರೂಪಾಯಿಗೆ, ವಿದ್ಯಾರ್ಥಿಗಳ ಕೈಗೆ ಲ್ಯಾಪ್‌ಟಾಪ್ ಕೊಡುತ್ತದೆಂಬ ಸುದ್ದಿ ಹಬ್ಬಿತು. ವಿದೇಶದ ಪತ್ರಿಕೆಗಳೂ ಬರೆದವು. ಅಮೆರಿಕದವರ ನೂರು ಡಾಲರ್ ಲ್ಯಾಪ್‌ಟಾಪ್ ಯೋಜನೆಯನ್ನು 2006ರಲ್ಲಿ ಬೇಡವೆಂದಿದ್ದ ದೆಹಲಿ, ಈಗ ಅದರ ಹತ್ತರಲ್ಲೊಂದು ಬೆಲೆಗೆ ಮಾಡಿ ತೋರಿಸುತ್ತದೆಯಂತೆ ಎಂದು ಎಲ್ಲರಿಗೂ ಪುಳಕ. ಫೆಬ್ರವರಿ 3ರಂದು ತಿರುಪತಿಯಲ್ಲಿ ಪರದೆ ಸರಿಯಿತು. ಅಲ್ಲಿದ್ದದ್ದು ಲ್ಯಾಪ್‌ಟಾಪ್ ಅಲ್ಲ, ಪಾಠಗಳನ್ನು ತುಂಬಿಡುವ ಒಂದು ಪೆಟ್ಟಿಗೆ. ಪಾಠ ಓದಬೇಕೆಂದರೆ ಬೇರೆ ಕಂಪ್ಯೂಟರ್ ಬೇಕು! ಊಟಕ್ಕೆ ಕರೆದು ಬರೀ ಎಲೆ ಹಾಸಿ ಕಳಿಸಿದ ಹಾಗಾಯಿತು.

ಆಮೇಲೆ 2010ರಲ್ಲಿ ಮೂವತ್ತೈದು ಡಾಲರಿನ ಮಾತು ಬಂತು. 2011ರ ಅಕ್ಟೋಬರ್ 5ರಂದು 'ಆಕಾಶ್' ಎಂಬ ಟ್ಯಾಬ್ಲೆಟ್ ನಿಜಕ್ಕೂ ಬಿಡುಗಡೆಯಾಯಿತು. ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ. ನಿಧಾನ ಎಂದು ಎಲ್ಲರೂ ಬೈದರು, ಬೆರಳು ಒತ್ತಿದರೆ ಕೇಳುವುದಿಲ್ಲ ಎಂದರು. ಎಲ್ಲ ಸರಿ. ಆದರೆ ಅದರ ಆಪರೇಟಿಂಗ್ ಸಿಸ್ಟಂ ಯಾವುದು ಎಂದು ನಮ್ಮಲ್ಲಿ ಎಷ್ಟು ಜನ ನೋಡಿದರು? ಆಂಡ್ರಾಯ್ಡ್ 2.2. ಅದರಲ್ಲಿ ಕನ್ನಡವೇ ಇರಲಿಲ್ಲ! 2012ರ ನವೆಂಬರ್‌ನಲ್ಲಿ ಬಂದ 'ಆಕಾಶ್ 2'ರಲ್ಲಿ ಆಂಡ್ರಾಯ್ಡ್ 4.0. ಕನ್ನಡಕ್ಕೆ ಆಂಡ್ರಾಯ್ಡ್‌ನಲ್ಲಿ ಜಾಗ ಸಿಕ್ಕಿದ್ದು 4.1ರಲ್ಲಿ. ಅದು ಅದೇ ವರ್ಷದ ನಡುವಿನಲ್ಲೇ ಬಂದಿತ್ತು. ಅಂದರೆ ಭಾರತದ ಮಕ್ಕಳಿಗೆಂದೇ ಮಾಡಿದ ಯಂತ್ರ ಕೊಪ್ಪಳದ ಮಗುವಿನ ಭಾಷೆಯನ್ನು ಎರಡು ಸಲವೂ ಒಂದು ಹೆಜ್ಜೆ ಹಿಂದೆಯೇ ಬಿಟ್ಟು ಬಂತು.

"ಫಾಂಟ್ ಹಾಕಿಕೊಂಡರೆ ಆಯ್ತಲ್ಲ" ಅನ್ನುತ್ತೀರಾ? ಆಗಲ್ಲ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಂತರೆ ಸಾಕು. ಕನ್ನಡ ಹಾಗಲ್ಲ. 'ಸ್ತ್ರೀ' ಎಂದು ಬರೆಯಿರಿ. ಸಕಾರ, ಅದಕ್ಕೆ ತಕಾರದ ಒತ್ತು, ರಕಾರದ ಒತ್ತು, ಮೇಲೆ ದೀರ್ಘ. ಇವನ್ನೆಲ್ಲ ಒಂದೇ ಅಕ್ಷರವಾಗಿ ಹೆಣೆಯುವ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನದು. ಅದಕ್ಕೆ ಆ ವಿದ್ಯೆ ಕಲಿಸದಿದ್ದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ, ಇಲ್ಲವೇ ಬರೀ ಖಾಲಿ ಚೌಕ. ಆದ್ದರಿಂದ 'ಹೊಸ ಸಿಸ್ಟಂ ಬರ್ತಿದೆ' ಎಂಬ ಸುದ್ದಿ ಬರೀ ಎಂಜಿನಿಯರುಗಳ ಹರಟೆಯಲ್ಲ. ನಿಮ್ಮ ಭಾಷೆ ಆ ಪರದೆಯ ಮೇಲೆ ಬದುಕುತ್ತದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಹಿಂದೆಯೂ ಹೀಗೇ ಆಗಿತ್ತು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡ ಇತ್ತು. ಆದರೆ ವಿಂಡೋಸ್ 2000ದಲ್ಲಿ ಹಿಂದಿಗೂ ತಮಿಳಿಗೂ ಜಾಗ ಸಿಕ್ಕಿತು, ಕನ್ನಡಕ್ಕಿಲ್ಲ. ನಾವು 2001ರ ವಿಂಡೋಸ್ ಎಕ್ಸ್‌ಪಿವರೆಗೆ ಕಾದೆವು. ಹತ್ತು ವರ್ಷ! ಆ ನಡುವೆ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವರು ಯಾರು? ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್, ಅಮೆರಿಕದಲ್ಲಿ ಕೂತು 1998ರಲ್ಲಿ 'ಬರಹ' ಕೊಟ್ಟ ಶೇಷಾದ್ರಿವಾಸು, ಅಂಥವರು. ಯಾವ ಕಂಪನಿಯೂ ಮನೆಗೆ ಬಂದು ಕರೆದಿರಲಿಲ್ಲ. ಮಾಡಿದರು, ಅಷ್ಟೇ.

ನಮ್ಮೂರಲ್ಲೇ ಇನ್ನೊಂದು ಸಾಹಸವೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ 2001ರ ಏಪ್ರಿಲ್‌ನಲ್ಲಿ 'ಸಿಂಪ್ಯೂಟರ್' ತೋರಿಸಿದರು. ಕೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಲಿನಕ್ಸ್, ಗುರಿಯಿಟ್ಟ ಬೆಲೆ ಸುಮಾರು ಒಂಬತ್ತು ಸಾವಿರ. ಓದು ಬಾರದವನಿಗೂ ನಮ್ಮ ಭಾಷೆಗಳಲ್ಲಿ ಓದಿ ಹೇಳಬೇಕು ಎಂಬುದೇ ಅದರ ಮೊದಲ ಗುರಿ. ನೋಡಿ, ಇಲ್ಲಿ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಿತ್ತು! 2004ರಲ್ಲಿ ಅಂಗಡಿಗೆ ಬಂತು, ಓಡಲಿಲ್ಲ. ತಯಾರಿ ತಡವಾಯಿತು, ಹಣ ಸಾಲಲಿಲ್ಲ, ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು. ಸೋತಿತು, ನಿಜ. ಆದರೆ ಸರಿಯಾದ ಪ್ರಶ್ನೆ ಕೇಳಿ ಸೋತಿತು. ತಿರುಪತಿಯ ಪೆಟ್ಟಿಗೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

"ಕಂಪ್ಯೂಟರಿಗೆ ಇಂಗ್ಲಿಷ್ ಸಾಕಲ್ಲವೇ?" ಎನ್ನುವವರು ಇದ್ದೇ ಇರುತ್ತಾರೆ. ನಿಮಗೆ ಸಾಕಾಗಬಹುದು ಸ್ವಾಮಿ. ಪಹಣಿ ನೋಡಬೇಕಾದ ನಿಮ್ಮ ದೊಡ್ಡಪ್ಪನಿಗೆ ಸಾಕೇ? ಮಗಳ ಪಾಠ ತಿಳಿಯಬೇಕಾದ ಅಮ್ಮನಿಗೆ ಸಾಕೇ? ನೀವು ಇಂಗ್ಲಿಷಿನಲ್ಲೇ ಮುಗಿಸಿಬಿಟ್ಟರೆ, ಕನ್ನಡಕ್ಕೆ ಗಿರಾಕಿಯೇ ಇಲ್ಲ ಎಂದು ಕಂಪನಿ ಬರೆದುಕೊಳ್ಳುತ್ತದೆ. ಮುಂದಿನ ಸಲ ಮತ್ತೆ ಸಾಲಿನ ಕೊನೆಗೆ ನಾವೇ.

ಇವತ್ತು ವಿಂಡೋಸ್, ಆಂಡ್ರಾಯ್ಡ್, ಲಿನಕ್ಸ್ ಮೂರರಲ್ಲೂ ಕನ್ನಡ ಇದೆ. ನಿಮ್ಮ ಜೇಬಿನಲ್ಲಿರುವ ಫೋನ್ ಯಾವ ಭಾಷೆಯಲ್ಲಿ ತೆರೆಯುತ್ತದೆ? ಈಗಲೇ ತೆಗೆದು ನೋಡಿ. ನಾಚಿಕೆಯಾದರೆ ಒಳ್ಳೆಯದೇ, ಕೆಲಸ ಅಲ್ಲಿಂದಲೇ ಶುರುವಾಗಲಿ. ಭಾಷೆ ಕನ್ನಡಕ್ಕೆ ಬದಲಿಸಿ. ಅನುವಾದ ಕೆಟ್ಟದಾಗಿದ್ದರೆ ಬೈದು ಇಂಗ್ಲಿಷಿಗೆ ಓಡಬೇಡಿ, ತಪ್ಪು ಯಾವುದೆಂದು ಕಂಪನಿಗೆ ಬರೆಯಿರಿ. ಪ್ರೋಗ್ರಾಂ ಬರೆಯಲು ಬಂದರೆ ಲಿನಕ್ಸಿನಂಥ ಮುಕ್ತ ತಂತ್ರಾಂಶದ ಅನುವಾದಕ್ಕೆ ಕೈ ಹಾಕಿ. ಅಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಮತ್ತೆ ಯಾರಾದರೂ "ಹೊಸದು ಬರ್ತಿದೆ ಗುರು" ಎಂದರೆ ಬೆಲೆ ಕೇಳುವ ಮೊದಲು ಒಂದೇ ಮಾತು ಕೇಳಿ: "ಕನ್ನಡ ಬರುತ್ತಾ ಅದಕ್ಕೆ?"

ಬರುವುದಿಲ್ಲ ಎಂದರೆ, ಅದು ಎಷ್ಟೇ ಅಗ್ಗವಾದರೂ ನಮಗೆ ದುಬಾರಿಯೇ.